ಶೀನನ ಕಿಡಿ

ಹೊಳೆ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಬಚ್ಚ ಮರಕಾಲರ ಚಪ್ಪರವಿತ್ತು. ಮೀನುದೋಣಿಗಳ ಹಳೆ ಎಂಜಿನ್ನಿನ ವಿದ್ಯೆಗೆ ಅಲ್ಲಿ ಅವರೇ ಗುರು. ಉಪದೇಶ ಕಡಿಮೆ, ಬೈಗುಳ ಧಾರಾಳ.

ಶಿಷ್ಯ ಶೀನ ಅಪ್ಪನ ದೋಣಿಯ ಎಂಜಿನ್ ಬಿಚ್ಚಿಕೊಂಡು ಇಡೀ ಮಳೆಗಾಲ ಅಲ್ಲೇ ಕೂತಿದ್ದ. ಅಪ್ಪ ತೀರಿಕೊಂಡ ಮೇಲೆ ಅದು ಒಮ್ಮೆ ಕೆಮ್ಮಿದ್ದೂ ಇಲ್ಲ. ಬಂಗುಡೆ ಮೀನಿನ ಹಿಂಡು ಬರುವ ದಿನ ದೋಣಿ ಹೊರಡದಿದ್ದರೆ ಎಂಜಿನ್ ಗುಜರಿಗೆ ಎಂದು ಅಣ್ಣ ಹೇಳಿಬಿಟ್ಟಿದ್ದ.

ಅವತ್ತು ಬೆಳಿಗ್ಗೆ ಚಪ್ಪರದೆದುರು ನೀರಲ್ಲಿ ನಿಂತ ದೋಣಿಗೆ ಎಂಜಿನ್ ಕೂರಿಸಿ, ಕಿಡಿ ಬರುತ್ತದೋ ನೋಡಲು ಶೀನ ಪ್ಲಗ್ಗನ್ನು ತಂತಿ ಸಮೇತ ಹೊರತೆಗೆದು ಎಂಜಿನ್ನಿನ ಮೈಮೇಲೆ ಇಟ್ಟ. ಬ್ಯಾಟರಿಯ ಸ್ವಿಚ್ ಹಾಕಿ, ಚಕ್ರಕ್ಕೆ ಹಗ್ಗ ಸುತ್ತಿ ಎಳೆದ.

ಚಟ್! ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ.

"ಗುರುಗ್ಳೇ, ಬಂತ್! ಕಿಡಿ ಬಂತ್!"

"ಕಂಡೆ. ಪ್ಲಗ್ ಒಳ್ಗೆ ಕೂರ್ಸ್," ಎಂದು ಮರಕಾಲರು ಗಂಜಿ ಉಣ್ಣಲು ಹೋದರು.

ಶೀನ ಕೂರಿಸಲಿಲ್ಲ. ಕೂರಿಸಿದರೆ ಕಿಡಿ ಯಾರಿಗೆ ಕಾಣುತ್ತದೆ?

ಬಲೆ ಸರಿಮಾಡುತ್ತಿದ್ದವರನ್ನು ಕರೆದು ತೋರಿಸಿದ. ಬುಟ್ಟಿ ಹೊತ್ತ ಹೆಂಗಸರನ್ನು ನಿಲ್ಲಿಸಿ ತೋರಿಸಿದ. ಒಬ್ಬರು ಹೋಗಿ ಇನ್ನೊಬ್ಬರು ಬರುವ ತನಕ ಸ್ವಿಚ್ ಹಾಕಿದ್ದು ಹಾಕಿದ ಹಾಗೇ ಇತ್ತು. ಅವನಿಗೆ ಖುಷಿಯಲ್ಲಿ ನೆಲವೇ ಕಾಣುತ್ತಿರಲಿಲ್ಲ, ಇನ್ನು ಸ್ವಿಚ್ ಎಲ್ಲಿ ಕಾಣಬೇಕು! ಕೊನೆಗೆ ಮನೆಗೆ ಓಡಿ ಅಣ್ಣನನ್ನೂ ಎಳೆದು ತಂದ.

ಅಷ್ಟರಲ್ಲಿ ದಡದುದ್ದಕ್ಕೂ ಕೂಗೆದ್ದಿತು. "ಬಂಗುಡೆ! ಬಂಗುಡೆ!"

ಅಳಿವೆಯ ಆಚೆ ಹಕ್ಕಿಗಳು ಮುಗಿಬಿದ್ದಿದ್ದವು. ನೀರು ಎಸರಿನಂತೆ ಕುದಿಯುತ್ತಿತ್ತು. ದೋಣಿಗಳು ಒಂದರ ಹಿಂದೊಂದು ಹೊರಟವು.

ಶೀನ ಗಡಿಬಿಡಿಯಲ್ಲಿ ಪ್ಲಗ್ ಕೂರಿಸಿ ಹಗ್ಗ ಎಳೆದ. ಎಂಜಿನ್ ಸುಮ್ಮನಿತ್ತು. ಮತ್ತೆ ಎಳೆದ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯ ಸುಳಿವೇ ಇಲ್ಲ.

"ಗುಜರಿಯವ್ನಿಗೆ ಹೇಳಿ ಕಳಿಸ್ತೆ," ಎಂದ ಅಣ್ಣ.

ಶೀನ ಚಪ್ಪರಕ್ಕೆ ಓಡಿದ. ಮರಕಾಲರು ಬಾಯಿ ಒರೆಸಿಕೊಂಡು ಬಂದು ಬ್ಯಾಟರಿಯ ತಂತಿ ಸೇರುವ, ಕಿಡಿ ಹುಟ್ಟಿಸುವ ಕಾಯಿಲನ್ನು ಮುಟ್ಟಿದರು. ಸುಡುತ್ತಿತ್ತು. ಸ್ವಿಚ್ ಆರಿಸದೆ ಬ್ಯಾಟರಿ ಪೂರಾ ಖಾಲಿ.

"ಕಿಡಿ ಎಷ್ಟ್ ಜನಕ್ಕೆ ತೋರ್ಸ್ದೆ?"

"ದಡದಲ್ಲಿದ್ದವ್ರಿಗೆಲ್ಲ," ಎಂದ ಶೀನ ತಲೆ ತಗ್ಗಿಸಿ.

"ಎಂಜಿನ್ ಒಂದಕ್ಕೆ ತೋರ್ಸ್ಲಿಲ್ಲ, ಅಲ್ದಾ?"

ಶೀನನಿಗೆ ಅಳುವೇ ಬಂತು. ಅಪ್ಪನ ಎಂಜಿನ್ ತನ್ನ ಕೈಯಿಂದಲೇ ಹೋಯಿತಲ್ಲ!

ಮರಕಾಲರು ಚಪ್ಪರದಿಂದ ತಮ್ಮ ಉದ್ದನೆಯ ಟಾರ್ಚ್ ತಂದರು. ರಾತ್ರಿ ಮನೆಗೆ ಹೋಗಲು ಅವರಿಗಿದ್ದ ದೀಪ ಅದೊಂದೇ. ಅದರ ಐದೂ ಸೆಲ್ಲು ಸುರಿದು, ಹರಿದ ಸೈಕಲ್ ಟ್ಯೂಬಿನೊಳಗೆ ಸಾಲಾಗಿ ತೂರಿಸಿ, ಎರಡು ತುದಿಗೂ ಬ್ಯಾಟರಿಯ ತಂತಿಗಳನ್ನು ಬಿಗಿದರು.

"ಇಷ್ಟ್ ಸಣ್ಣ ಸೆಲ್ ಸಾಕಾ ಗುರುಗ್ಳೇ?"

"ಅಳಿವೆ ದಾಟಿ ಹೋಯ್ ಬಪ್ಪುಕೆ ಸಾಕ್. ಆಟ ತೋರ್ಸುಕೆ ಸಾಲ."

ಶೀನ ಪ್ಲಗ್ಗಿಗೆ ಕೈ ಹಾಕಿದ. "ಕಿಡಿ ಬತ್ತಾ ಅಂತ ಒಂದ್ ಸಲ ಹೊರ್ಗೆ ಕಾಂಬ್ಯಾ?"

ಮರಕಾಲರು ಅವನ ಕೈಗೆ ಪಟ್ಟೆಂದು ಹೊಡೆದು, ಪ್ಲಗ್ ಕಸಿದು ಒಳಗೆ ಕೂರಿಸಿ ಬಿಗಿದರು.

ಶೀನ ಕಣ್ಣು ಮುಚ್ಚಿ ಹಗ್ಗ ಎಳೆದ.

ಡುಗ್. ಡುಗ್. ಡುಗ್ ಡುಗ್ ಡುಗ್!

ಅಣ್ಣ ಚಪ್ಪಲಿ ಬಿಟ್ಟು ನೀರಿಗಿಳಿದು ಓಡಿ ಬಂದ, ಬಲೆಯನ್ನು ದೋಣಿಯೊಳಗೆ ಎಸೆದು ತಾನೂ ಹತ್ತಿದ. ದಡದವರೆಲ್ಲ ಕೇಕೆ ಹಾಕಿದರು. ದೋಣಿ ಅಳಿವೆಯ ಕಡೆ ಮೂಗು ತಿರುಗಿಸಿತು.

ಶೀನ ಹಿಂದಕ್ಕೆ ತಿರುಗಿ, ಎಂಜಿನ್ ಸದ್ದಿನ ಮೇಲೆ ಗಂಟಲು ಹರಿಯುವಂತೆ ಕೂಗಿದ:

"ಗುರುಗ್ಳೇ! ಕಿಡಿ ಕಂಡ್ರ್ಯಾ?"

ಮೊಣಕಾಲುದ್ದ ನೀರಿನಲ್ಲಿ ಖಾಲಿ ಟಾರ್ಚ್ ಹಿಡಿದು ನಿಂತಿದ್ದ ಮರಕಾಲರು ನಕ್ಕರು.

"ಕಾಣ್ಲಿಲ್ಲ ಮಾರಾಯ. ಅದ್ಕೇ ದೋಣಿ ಹೊರಟದ್!"