ದ್ಯಾವಮ್ಮನ ಪಿಕ್ಚರಿಗೆ ಅರ್ಥ ಹುಡುಕಿದ ದೊರೆ

ಒಂದಾನೊಂದು ಊರಿನಲ್ಲಿ... ಕೇಳ್ತಿದೀರಾ? ಕೇಳದೋರು ಈಗಲೇ ಎದ್ದು ಹೋಗಿ. ನಡುವೆ ಎದ್ದರೆ ನನಗೆ ಕೆಟ್ಟ ಕೋಪ ಬರುತ್ತೆ.

ಒಂದಾನೊಂದು ಊರಿನಲ್ಲಿ ಗುಂಡಭೂಪ ಅನ್ನೋ ದೊರೆ ಇದ್ದ. ಅವನಿಗೆ ಎಲ್ಲದಕ್ಕೂ ಅರ್ಥ ಬೇಕು. ಊರೊಳಗೆ ಬರೋದೆಲ್ಲ ಬಾಗಿಲಲ್ಲಿ ತನ್ನ ಅರ್ಥ ಹೇಳಿಯೇ ಬರಬೇಕು. ಹಲಸಿನಹಣ್ಣು ಬಂತು, ಅರ್ಥ ಹೇಳ್ತು, ಒಳಗೆ ಹೋಯ್ತು. ಕುಂಟ ಕತ್ತೆ ಬಂತು, ಅರ್ಥ ಹೇಳ್ತು, ಒಳಗೆ ಹೋಯ್ತು. ಹೇಳಲಾಗದ್ದನ್ನ ಅರಮನೆಯ ದೊಡ್ಡ ಜಾಡಿಗೆ ತುಂಬಿ ಉಪ್ಪಿನಕಾಯಿ ಹಾಕಿಬಿಡೋರು. ಹೋದ ವರ್ಷ ಒಂದು ಕಾಮನಬಿಲ್ಲಿಗೂ ಅದೇ ಗತಿ ಆಯ್ತು. ಮೊಸರನ್ನಕ್ಕೆ ಬಲು ಚೆನ್ನಾಗಿತ್ತಂತೆ, ಪಾಪ.

ಆ ಊರಿಗೆ ಟೆಂಟ್ ಸಿನಿಮಾ ದ್ಯಾವಮ್ಮ ಬಂದ್ಲು. ಗಾಡಿಯಲ್ಲಿ ಒಂದೇ ಒಂದು ಪಿಕ್ಚರು. ಹನ್ನೊಂದು ವರ್ಷ ಕಷ್ಟಪಟ್ಟು ಅವಳೇ ತೆಗೆದದ್ದು. ಅವಳಿಗೆ ಮಕ್ಕಳಿಲ್ಲ, ಮನೆಯಿಲ್ಲ, ಇದ್ದದ್ದು ಅದೊಂದೇ.

"ಏನಮ್ಮಾ ಇದರ ಅರ್ಥ?" ಅಂದ ದೊರೆ.

"ಪ್ರೀತಿ ಪಿಕ್ಚರು ಬುದ್ಧೀ. ನೋಡದೆ ಅರ್ಥ ಹೆಂಗೆ ಹೇಳೋದು?"

ದೊರೆಗೆ ಮಾತು ಸರಿ ಅನ್ನಿಸ್ತು. ಹಾಡುಹಗಲಲ್ಲೇ ಟೆಂಟಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ರು. ದೊರೆ ಮುಂದೆ ಕೂತ. ಪಕ್ಕದಲ್ಲಿ ಮಂತ್ರಿ, ಪಂಡಿತ. ಪಿಕ್ಚರ್ ಶುರುವಾಯ್ತು.

ಏಣಿ ಮಾರೋನೊಬ್ಬ. ಅಟ್ಟವೇ ಇಲ್ಲದ ಮನೇಲಿ ಒಬ್ಬ ಹುಡುಗಿ. ಅವನು ದಿನಾ ಏಣಿ ತರ್ತಾನೆ. ಅವಳು ಮೂರನೇ ಮೆಟ್ಟಿಲಲ್ಲಿ ಕೂರ್ತಾಳೆ, ಅವನು ನಾಲ್ಕನೇದರಲ್ಲಿ. ಮಾತಿಲ್ಲ, ಕತೆಯಿಲ್ಲ. ಮೇಕೆಯೊಂದು ಬಂದು ಅರ್ಧ ಗಂಟೆ ಚೆಂಡುಹೂವಿನ ಹಾರ ತಿನ್ನುತ್ತೆ. ಕೊನೆಗೆ ಅವಳು ತನ್ನ ಎಡಗಾಲಿನ ಚಪ್ಪಲಿ ತೆಗೆದು ಅವನ ಕೈಗೆ ಕೊಡ್ತಾಳೆ. ಅವನು ಅದನ್ನ ಎದೆಗೊತ್ತಿಕೊಂಡು ಹೋಗೇಬಿಡ್ತಾನೆ. ಮುಗೀತು. "ಶುಭಂ" ತಲೆಕೆಳಗಾಗಿ ಬಂತು.

ಅಯ್ಯೋ ಎಂಥ ಚೆಂದ ಅಂತೀರಿ! ನೋಡಿದ್ರೇ ಗೊತ್ತಾಗೋದು. ಟೆಂಟಲ್ಲಿ ಒಂದು ಕೆಮ್ಮಿಲ್ಲ.

"ಅರ್ಥ!" ಅಂತ ಗುಡುಗಿದ ದೊರೆ.

ಮಂತ್ರಿ ಎದ್ದ. "ಪ್ರಭೂ, ಏಣಿ ಅಂದ್ರೆ ಮೋಕ್ಷ."

ಪರದೆ ಮೇಲಿನ ಏಣಿ ಕತ್ತು ಚಾಚಿ, "ಅಲ್ಲ ಸ್ವಾಮಿ, ನಾನು ಏಣಿ" ಅಂತು.

ಪಂಡಿತ ಎದ್ದ. "ಮೇಕೆ ಅಂದ್ರೆ ಕ್ರೂರ ಸಮಾಜ."

ಮೇಕೆ ಮೆಲುಕು ನಿಲ್ಲಿಸ್ತು. "ನಿಮ್ಮ ತಲೆ! ಬೆಳಗಿಂದ ಹಸಿದಿದ್ದೆ, ತಿಂದೆ."

"ಹಂಗಾದ್ರೆ ಚಪ್ಪಲಿ ಅಂದ್ರೆ ವಿರಹ!" ಇಬ್ಬರೂ ಒಟ್ಟಿಗೆ ಕೂಗಿದ್ರು.

"ಏಳನೇ ನಂಬರು, ಎಡಗಾಲು" ಅಂತು ಚಪ್ಪಲಿ.

ದೊರೆ ಕೆಂಡಾಮಂಡಲ ಆದ. "ಹಾಕ್ರೋ ಇದನ್ನ ಜಾಡಿಗೆ!"

ಜಾಡಿ ಬಂತು. ದ್ಯಾವಮ್ಮ ಪಿಕ್ಚರಿನ ಡಬ್ಬಿ ತಬ್ಬಿಕೊಂಡು, "ಬೇಕಾದ್ರೆ ನನ್ನನ್ನ ಉಪ್ಪಿನಕಾಯಿ ಹಾಕಿ, ಇದನ್ನ ಬಿಡಿ" ಅಂತ ಅತ್ತಳು.

ಆದ್ರೆ ಜಾಡಿಗೊಂದು ನೇಮ. ದೊರೆ ಮುಚ್ಚಳದ ಮೇಲೆ ಕೈಯಿಟ್ಟು, "ಇದರಿಂದ ನನಗೇನೂ ಆಗಲಿಲ್ಲ" ಅನ್ನಬೇಕು. ಸುಳ್ಳಾದ್ರೆ ಮುಚ್ಚಳ ತೆರೆಯಲ್ಲ.

"ಇದರಿಂದ ನನಗೇನೂ ಆಗಲಿಲ್ಲ" ಅಂದ. ತೆರೀಲಿಲ್ಲ.

ಜೋರಾಗಿ ಅಂದ. ತೆರೀಲಿಲ್ಲ.

ಮೂರನೇ ಸಲ ಅನ್ನೋಕೆ ಬಾಯಿ ತೆರೆದ. "ಅಲ್ಲಪ್ಪಾ," ಅಂತು ಜಾಡಿ ಮೆಲ್ಲಗೆ, "ಮೀಸೆಯಿಂದ ಕಣ್ಣೀರು ತೊಟ್ಟಿಕ್ತಾ ಇದೆ. ಯಾರಿಗೆ ಸುಳ್ಳು ಹೇಳ್ತೀಯ?"

ದೊರೆ ಅಲ್ಲೇ ನೆಲದ ಮೇಲೆ ಕೂತ. ಮಂತ್ರಿಗೆ ಕೇಳಿಸದ ಹಾಗೆ ದ್ಯಾವಮ್ಮನ್ನ ಕೇಳಿದ. "ತಾಯೀ, ಯಾರಿಗೂ ಹೇಳಲ್ಲ. ನಿನಗಾದ್ರೂ ಇದರ ಅರ್ಥ ಗೊತ್ತಾ?"

ದ್ಯಾವಮ್ಮ ಸೆರಗಿನಿಂದ ಮೂಗೊರಸಿಕೊಂಡ್ಲು. "ಗೊತ್ತಿದ್ರೆ ಒಂದು ಚೀಟೀಲಿ ಬರೆದು ಕಳಿಸ್ತಿದ್ದೆ ಬುದ್ಧೀ. ಹನ್ನೊಂದು ವರ್ಷ ಯಾಕೆ ಸಾಯ್ತಿದ್ದೆ?"

ದೊರೆ ಸರಿದು ಜಾಡಿಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, "ಇನ್ನೊಂದು ಸಲ ಪಿಕ್ಚರ್ ಹಾಕಮ್ಮಾ" ಅಂದ.

ಕತೆ ಮುಗೀತು, ಬೆಂಕಿ ಆರ್ತಾ ಇದೆ. ಇದರ ನೀತಿ ಏನು ಅಂತ ಯಾರೋ ಬಾಯಿ ತೆರೆದ್ರಲ್ಲ, ನೀವೇ ಎದ್ದು ಹೋಗಿ ಸೌದೆ ತನ್ನಿ.