ತೂಬಿನ ಮುಂದಿನ ಸಾಲುಗಳು

"ಗುರುಗಳೇ, ನಮ್ಮ ಜನ ಹೇಡಿಗಳೇ?" ಎಂದು ಚನ್ನವೀರ ಕೇಳಿದ.

ಚುನಾವಣೆ ಮುಗಿದಿತ್ತು. ಅವನ ಸಣ್ಣ ಪಕ್ಷ ಮತ್ತೆ ಸೋತಿತ್ತು. ಹೋದ ಮನೆಯಲ್ಲೆಲ್ಲ ನಿನ್ನ ಮಾತೇ ಸರಿ ಎಂದಿದ್ದರು, ಕೂರಿಸಿ ಮಜ್ಜಿಗೆ ಕೊಟ್ಟಿದ್ದರು. ಮತ ಮಾತ್ರ ಹಳೆಯ ಎರಡು ಪಕ್ಷಗಳಿಗೇ ಹೋಗಿತ್ತು. ಇನ್ನು ಈ ಕೆಲಸ ಸಾಕು ಎಂದು ಹೇಳಲು ಅವನು ಬಂದಿದ್ದ.

ಗುರುಗಳಿಗೂ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಆದರೂ ಒಂದು ಕಥೆ ಹೇಳಿದರು.

ಒಂದು ಊರಿಗೆ ಒಂದೇ ಕೆರೆ, ಕೆರೆಗೆ ಒಂದೇ ತೂಬು. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು ನೀರುಗಂಟಿ. ಅವನನ್ನು ಪ್ರತಿ ವರ್ಷ ಊರೇ ಆರಿಸುತ್ತಿತ್ತು. ನೀರುಗಂಟಿಯಾಗಬೇಕು ಎನ್ನುವವರು ಏರಿಯ ಮೇಲೆ ನಿಲ್ಲಬೇಕು. ಒಪ್ಪಿದವರು ಅವರ ಬೆನ್ನ ಹಿಂದೆ ಸಾಲು ನಿಲ್ಲಬೇಕು. ಯಾರ ಸಾಲು ಉದ್ದವೋ, ಒಂದೇ ಆಳು ಹೆಚ್ಚಿದ್ದರೂ ಸರಿ, ಆ ವರ್ಷದ ನೀರೆಲ್ಲ ಅವನು ಹೇಳಿದಂತೆ. ಉಳಿದವರು ಸುಮ್ಮನೆ ಮನೆಗೆ ಹೋಗಬೇಕು.

ಮೇಲ್ಗದ್ದೆಯ ಒಬ್ಬ ರೈತ ನಿಲ್ಲುತ್ತಿದ್ದ, ಕೆಳಗದ್ದೆಯ ಒಬ್ಬ ರೈತ ನಿಲ್ಲುತ್ತಿದ್ದ. ಕೆಳಗದ್ದೆಯವನು ಗೆದ್ದರೆ ಕೆರೆಯನ್ನು ತಳದವರೆಗೆ ಬಸಿಯುತ್ತಿದ್ದ. ಮೇಲ್ಗದ್ದೆಯವನು ಸ್ವಲ್ಪ ಉಳಿಸುತ್ತಿದ್ದ.

ಒಂದು ವರ್ಷ ಒಬ್ಬ ಮೀನುಗಾರನೂ ನಿಂತ. ಬೇಸಿಗೆಯಲ್ಲೂ ಮೊಣಕಾಲುದ್ದ ನೀರು ಕೆರೆಯಲ್ಲಿ ಇರಲಿ, ಮೀನು ಬದುಕುತ್ತದೆ, ಕುರಿ ದನಕ್ಕೆ ಕುಡಿಯಲು ಆಗುತ್ತದೆ ಎಂದ. ಮೀನುಗಾರರು, ಕುರಿಯವರು, ಇಟ್ಟಿಗೆ ಸುಡುವವರು ಅವನ ಹಿಂದೆ ನಿಂತರು. ಅದು ಮೂರನೆಯ ಸಾಲಾಯಿತು. ಅವರೆಲ್ಲ ಹಿಂದೆ ಮೇಲ್ಗದ್ದೆಯವನ ಕಡೆ ನಿಲ್ಲುತ್ತಿದ್ದವರು. ಅವನ ಸಾಲು ಅಷ್ಟು ಮೊಟಕಾಗಿ ಕೆಳಗದ್ದೆಯವನು ಗೆದ್ದ.

ಬೇಸಿಗೆಯಲ್ಲಿ ಮೀನುಗಳು ಕೆಸರಿನಲ್ಲಿ ಸತ್ತು ನಾತ ಹೊಡೆದವು. ಬೈಗುಳ ಬಿದ್ದದ್ದು ಕೆರೆ ಬಸಿದವನಿಗಲ್ಲ, ಮೀನುಗಾರನಿಗೆ. ಅವನ ಭಾವಮೈದುನನೇ, ಹೋಗಪ್ಪಾ ನೀರುಗಂಟಿ, ಕೆಸರಲ್ಲಿ ಬಲೆ ಬೀಸು ಎಂದು ಎಲ್ಲರ ಎದುರು ಆಡಿಕೊಂಡ.

ಮರುವರ್ಷ ಮೀನುಗಾರ ಮತ್ತೆ ನಿಂತ. ತಿರುಗಿ ನೋಡಿದರೆ ಬೆನ್ನ ಹಿಂದೆ ಯಾರೂ ಇಲ್ಲ. ಅವನ ತಾಯಿ ಮೇಲ್ಗದ್ದೆಯವನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ನೀನೂನಾ ಅವ್ವಾ?"

"ನೀನು ಗೆಲ್ಲಲ್ಲ ಕಣೋ. ಆ ಬಸಿಯೋನು ಗೆದ್ದರೆ ಈ ಸಲನೂ ನಮ್ಮ ಒಲೆ ಉರಿಯಲ್ಲ. ಬಾ, ನೀನೂ ಇಲ್ಲೇ ನಿಂತ್ಕೊ."

ಅವನೂ ಹೋಗಿ ನಿಂತ. ಮೇಲ್ಗದ್ದೆಯವನು ಗೆದ್ದ. ಇವರಿಗೆ ಬೇರೆ ದಿಕ್ಕಿಲ್ಲ ಎಂದು ಅವನಿಗೆ ಈಗ ಗೊತ್ತಾಗಿತ್ತು. ಆ ವರ್ಷ ಅವನೂ ಕೆರೆಯನ್ನು ತಳದವರೆಗೆ ಬಸಿದ.

ಮೀನುಗಾರ ಬಲೆ ಹೊತ್ತು ಪಕ್ಕದ ಊರಿನ ಕೆರೆಗೆ ಕೂಲಿಗೆ ಹೋದ. ಅಲ್ಲೂ ಇಂಥದೇ ಜನ, ಅಲ್ಲೂ ಸಾಲು ನಿಲ್ಲುತ್ತಿದ್ದರು. ಆದರೆ ತೂಬು ಒಬ್ಬನ ಕೈಗೆ ಹೋಗುತ್ತಿರಲಿಲ್ಲ. ಸಾಲಿನ ಉದ್ದ ನೋಡಿ ಪಂಚಾಯಿತಿ ಕಟ್ಟೆಯ ಮೇಲೆ ಕೂರಲು ಜಾಗ ಕೊಡುತ್ತಿದ್ದರು. ಉದ್ದ ಸಾಲಿನಿಂದ ಹೆಚ್ಚು ಜನ, ಗಿಡ್ಡ ಸಾಲಿನಿಂದಲೂ ಒಬ್ಬ. ಕಟ್ಟೆಯ ಮೇಲೆ ಕೂತವರಲ್ಲಿ ಹೆಚ್ಚಿನವರು ಒಪ್ಪಿದರೆ ಮಾತ್ರ ತೂಬು ಏಳುತ್ತಿತ್ತು. ಹಾಗಾಗಿ ಅಲ್ಲಿ ಏರಿಯ ತುಂಬ ಸಾಲುಗಳು. ಕುರಿಯವರದೇ ಒಂದು, ಇಟ್ಟಿಗೆಯವರದೇ ಒಂದು. ದಿನವಿಡೀ ಜಗಳ. ಕೆಲವು ಸಲ ತೂಬು ಎತ್ತುವುದೇ ತಡವಾಗುತ್ತಿತ್ತು. ಆದರೆ ಬೇಸಿಗೆಯಲ್ಲೂ ಕೆರೆಯಲ್ಲಿ ಮೀನಿತ್ತು.

ಅವನು ಊರಿಗೆ ಬಂದು ಆ ಇಬ್ಬರು ರೈತರ ಹತ್ತಿರ, ನಾವೂ ಹೀಗೆ ಮಾಡೋಣ ಎಂದ. ಯಾವ ವಿಷಯಕ್ಕೂ ಒಂದಾಗದ ಆ ಇಬ್ಬರು ಅಂದು ಒಂದೇ ಚಾಪೆಯ ಮೇಲೆ ಕೂತು, ಹಿರಿಯರು ಮಾಡಿಟ್ಟದ್ದನ್ನು ಕೆಡಿಸಬಾರದು ಎಂದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಊರಿನವರು ಏನೆಂದರು?" ಎಂದು ಚನ್ನವೀರ ಕೇಳಿದ.

"ಅವನು ಅವರನ್ನು ಕೇಳಲೇ ಇಲ್ಲ, ಹೇಡಿಗಳು ಎಂದು ಬೈದು, ಬಲೆ ಸುತ್ತಿಕೊಂಡು ಮನೆಗೆ ಹೋದ."