ಎಳೆಯುವವನಿಗೆ ಇಟ್ಟ ಪಂದ್ಯ

ಊರಾಚೆಯ ರೇಸಿಗೆ ಹೊರಟ ಪುಟ್ಟ ಕಾರಿಗೆ, ತನ್ನನ್ನು ಟ್ರೇಲರ್ ಮೇಲೆ ಹೇರಿಕೊಂಡು ಎಳೆದೊಯ್ಯುವ ಗಾಡಿಯೊಂದು ಬೇಕಾಗಿತ್ತು. "ಓಟದಲ್ಲಿ ಗೆದ್ದವರೇ ನನ್ನನ್ನು ಎಳೆಯಲಿ," ಎಂದಿತು.

ಮುದಿ ಜೀಪಿಗೆ ಮೈಯೆಲ್ಲ ಉರಿದುಹೋಯಿತು. "ಎಳೆಯುವವನ ಓಟ ಕಟ್ಟಿಕೊಂಡು ನಿನಗೇನಾಗಬೇಕೋ? ಘಾಟಿ ಇಳಿಯುವಾಗ ನಿನ್ನ ಭಾರ ಹಿಂದಿನಿಂದ ನೂಕುತ್ತದೆ. ಆಗ ತಡೆದು ನಿಲ್ಲಿಸುವವರು ಯಾರು ಅಂತ ಕೇಳು!"

"ಸೋಲುವವರ ಮಾತು," ಎಂದು ನಕ್ಕ ಕಾರು, ಪಂದ್ಯ ಗೆದ್ದ ಹಗುರ ವ್ಯಾನಿನ ಜೊತೆ ಹೊರಟಿತು.

ಘಾಟಿಯ ಮೊದಲ ತಿರುವಿನಲ್ಲೇ ಟ್ರೇಲರ್ ನೂಕಿದ ರಭಸಕ್ಕೆ ವ್ಯಾನು, ಕಾರು ಎರಡೂ ಚರಂಡಿಗೆ ಬಿದ್ದವು.

ಬುಸುಗುಡುತ್ತ ಬಂದ ಜೀಪು ಕಾರನ್ನು ಮೇಲೆಳೆದು ಮತ್ತೆ ಟ್ರೇಲರಿಗೆ ಹೇರಿ, ಅದನ್ನು ತನಗೆ ಕಟ್ಟಿಕೊಂಡು ಇಳಿಜಾರಿಗೆ ಮೂತಿ ತಿರುಗಿಸಿತು.

"ನಿಧಾನ ಅಣ್ಣಾ, ನಿಧಾನ!" ಕಾರು ಕೂಗಿಕೊಂಡಿತು.

"ಬಾಯ್ಮುಚ್ಚು!" ಜೀಪು ಗುಡುಗಿತು. "ನಿಧಾನ ಬೇಕಿದ್ದವನು ಓಟದ ಪಂದ್ಯ ಯಾಕೋ ಇಟ್ಟೆ?"